ಅಂಗನವಾಡಿಗೆ ನಡೆದು ಬರಲಾಗದ ಮಗು

(ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು ಮತ್ತು ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತುಗಳು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಭಾಷಣ ನನ್ನದು. ಸುತ್ತಿ ಬಳಸದೆ ವಿಷಯಕ್ಕೆ ಬಂದುಬಿಡುತ್ತೇನೆ.

ಕರ್ನಾಟಕದಲ್ಲಿ ಮಕ್ಕಳ ಹೆಸರಿನ ಯೋಜನೆಗಳಿಗೆ ಬರ ಇಲ್ಲ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ, ನೂರು ಅಂಗನವಾಡಿಗಳೊಂದಿಗೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2001ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜನವಸತಿಗೂ ಒಂದು ಅಂಗನವಾಡಿ ಬೇಕು ಎಂದಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಅದೇ ವರ್ಷ ಇಲ್ಲಿ ಅನ್ನಭಾಗ್ಯ, ಕ್ಷೀರಭಾಗ್ಯ. 2017ರಲ್ಲಿ ಮಾತೃಪೂರ್ಣ. 2023ರಲ್ಲಿ ಶಕ್ತಿ, ಗೃಹಲಕ್ಷ್ಮಿ, ಕೂಸಿನ ಮನೆ. ಪಟ್ಟಿ ನೋಡಿದರೆ ಹೊಟ್ಟೆ ತುಂಬುತ್ತದೆ.

ಈಗ ಮಕ್ಕಳ ಕಡೆ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಡೀ ದೇಶದ ಸರಾಸರಿ 35.5. ಅಂದರೆ ನಾವು ಸರಿಯಾಗಿ ಸರಾಸರಿ. ತಲಾ ಆದಾಯದಲ್ಲಿ ಮುಂಚೂಣಿಯಲ್ಲಿರುವ ರಾಜ್ಯ, ಐಟಿ ರಾಜಧಾನಿ ಇರುವ ರಾಜ್ಯ, ಮಕ್ಕಳ ಬೆಳವಣಿಗೆಯಲ್ಲಿ ಮಾತ್ರ ಸರಾಸರಿ. ಪಕ್ಕದ ಕೇರಳದಲ್ಲಿ ಇದೇ ಅಂಕಿ 23.4, ತಮಿಳುನಾಡಿನಲ್ಲಿ 25. ನಮ್ಮ ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ.

ಹಾಗಂತ ಯೋಜನೆಗಳಿಂದ ಏನೂ ಆಗಿಲ್ಲ ಎನ್ನುವವರ ಜೊತೆ ನಾನಿಲ್ಲ. 2005–06ರಲ್ಲಿ ನಮ್ಮಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ 65ರಷ್ಟು. ಈಗ 97. ಮಡಿಲು ಕಿಟ್, 108 ಆಂಬುಲೆನ್ಸ್, ಜನನಿ ಸುರಕ್ಷಾ ಹಣ, ಮನೆ ಬಾಗಿಲಿಗೆ ಬಂದು ಬಲವಂತ ಮಾಡಿ ಕರೆದುಕೊಂಡು ಹೋಗುವ ಆಶಾ, ಎಲ್ಲ ಸೇರಿ ಮಾಡಿದ ಕೆಲಸ ಇದು. ಅದೇ ಅವಧಿಯಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವರ ಸಂಖ್ಯೆ 43ರಿಂದ 25ಕ್ಕೆ ಇಳಿಯಿತು. ಸಣ್ಣ ಮಾತಲ್ಲ. ಇಲ್ಲಿ ಕೂತಿರುವ ಅಕ್ಕಂದಿರಿಗೆ ಈ ಅಂಕಿಯ ಹಿಂದೆ ಎಷ್ಟು ರಾತ್ರಿಗಳ ಓಡಾಟ ಇದೆ ಅಂತ ನಾನು ಹೇಳಬೇಕಿಲ್ಲ.

ಮಕ್ಕಳು ಬದುಕುತ್ತಿದ್ದಾರೆ. ಆದರೆ ಬೆಳೆಯುತ್ತಿಲ್ಲ. ಎತ್ತರ ಕುಂಠಿತವಾದ ಮಕ್ಕಳ ಪ್ರಮಾಣ 2005–06ರಲ್ಲಿ ಸುಮಾರು 44 ಇತ್ತು, ಹತ್ತು ವರ್ಷದಲ್ಲಿ 36.2ಕ್ಕೆ ಬಂತು. ಆಮೇಲೆ ಅಲ್ಲೇ ನಿಂತಿತು. ರಕ್ತಹೀನತೆ ಕಡಿಮೆಯಾಗುವ ಬದಲು ಏರಿತು, 60.9ರಿಂದ 65.5ಕ್ಕೆ. ಯಾಕೆ ಹೀಗೆ?

ನನ್ನ ಉತ್ತರ ಒಂದೇ. ನಮ್ಮ ಯೋಜನೆಗಳು ಅಂಗನವಾಡಿಗೆ ನಡೆದು ಬರುವ ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತವೆ. ನಡೆಯಲು ಬಾರದ ಮಗುವಿಗೆ ಒಂದು ಪ್ಯಾಕೆಟ್ ಕೊಟ್ಟು ಕಳಿಸುತ್ತವೆ. ಕೆಡುವುದೆಲ್ಲ ಆ ನಡೆಯಲು ಬಾರದ ಕಾಲದಲ್ಲೇ.

ನೀವು ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಎಳೆಯುತ್ತೀರಲ್ಲ, ಅದನ್ನೇ ನೆನಪಿಸಿಕೊಳ್ಳಿ. ಐದಾರು ತಿಂಗಳವರೆಗೆ ಗೆರೆ ಹಸಿರಿನಲ್ಲಿ ಚೆನ್ನಾಗಿ ಮೇಲೆ ಹೋಗುತ್ತದೆ. ತಾಯಿ ಹಾಲು ಇದೆ, ತಾಯಿ ಜೊತೆಯಲ್ಲಿದ್ದಾಳೆ. ಏಳು, ಎಂಟನೇ ತಿಂಗಳಿಗೆ ಗೆರೆ ಅಡ್ಡಡ್ಡ ಹೋಗಲು ಶುರು. ವರ್ಷ ತುಂಬುವಾಗ ಹಳದಿ. ಎತ್ತರದ ಕಥೆ ಇನ್ನೂ ಕಷ್ಟ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ಒಬ್ಬರು ತಲೆ ಹಿಡಿಯಬೇಕು, ಒಬ್ಬರು ಮಂಡಿ ಒತ್ತಬೇಕು, ಅಷ್ಟರಲ್ಲಿ ಮಗು ಕಿರುಚಿ ಕಾಲು ಮಡಚಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ಆಚೀಚೆ ಆದರೆ ಫೋನಿನ ಆ್ಯಪ್‌ನಲ್ಲಿ ಮಗುವಿನ ಬಣ್ಣವೇ ಬದಲಾಗುತ್ತದೆ. ಮೇಲಿನವರು ಬಣ್ಣ ನೋಡುತ್ತಾರೆ. ಕಾಲು ಹಿಡಿದವರ ಪಾಡು ಯಾರು ನೋಡುತ್ತಾರೆ, ಬಿಡಿ.

ಮಗುವಿನ ಮಿದುಳು ಎರಡು ವರ್ಷ ತುಂಬುವ ಹೊತ್ತಿಗೆ ದೊಡ್ಡವರ ಮಿದುಳಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬೆಳೆದಿರುತ್ತದೆ. ಹೊಟ್ಟೆಯಲ್ಲಿದ್ದ ದಿನಗಳನ್ನೂ ಸೇರಿಸಿ ಮೊದಲ ಸಾವಿರ ದಿನ ಅಂತ ವೈದ್ಯರು ಹೇಳುವುದು ಇದಕ್ಕೇ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಿಗೆ ಪ್ರೋಟೀನ್ ಇರುವ ಗಂಜಿ, ಇನ್ನೆರಡಕ್ಕೆ ಬರೀ ಸಿಹಿ ಪಾನೀಯ. ಆ ಮಕ್ಕಳು ದೊಡ್ಡವರಾಗಿ ದುಡಿಯಲು ಶುರು ಮಾಡಿದ ಮೇಲೆ ಮತ್ತೆ ಹುಡುಕಿ ವಿಚಾರಿಸಿದರು. ಎರಡು ವರ್ಷದೊಳಗೆ ಆ ಗಂಜಿ ಕುಡಿದಿದ್ದ ಗಂಡಸರ ಗಂಟೆಯ ಸಂಪಾದನೆ ಉಳಿದವರಿಗಿಂತ 46 ಪರ್ಸೆಂಟ್ ಹೆಚ್ಚಿತ್ತು. ಮೂರು ವರ್ಷ ದಾಟಿದ ಮೇಲೆ ಅದೇ ಗಂಜಿ ಕುಡಿದವರಿಗೆ ಆ ಲಾಭ ಸಿಗಲಿಲ್ಲ.

ಗ್ವಾಟೆಮಾಲಾ ದೂರ ಆಯಿತು ಅಂದರೆ ಹೈದರಾಬಾದ್ ಪಕ್ಕಕ್ಕೆ ಬನ್ನಿ. 1987ರಿಂದ 1990ರ ನಡುವೆ ಅಲ್ಲಿನ ಕೆಲವು ಹಳ್ಳಿಗಳಿಗೆ ಐಸಿಡಿಎಸ್ ಬಂದಿತ್ತು, ಅಕ್ಕಪಕ್ಕದವಕ್ಕೆ ಇನ್ನೂ ಬಂದಿರಲಿಲ್ಲ. ಬಂದ ಕಡೆ ಗರ್ಭಿಣಿಯರಿಗೂ ಮಕ್ಕಳಿಗೂ ದಿನಾ ಮೆಕ್ಕೆಜೋಳ-ಸೋಯಾ ಉಪ್ಪಿಟ್ಟು. ಹದಿಹರೆಯಕ್ಕೆ ಬಂದಾಗ ಎರಡೂ ಕಡೆಯ ಮಕ್ಕಳನ್ನು ಅಳೆದರು. ಉಪ್ಪಿಟ್ಟು ತಿಂದ ಊರಿನವರು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರ. ನಾವು ದಿನಾ ಬೈದುಕೊಳ್ಳುವ ಅದೇ ಐಸಿಡಿಎಸ್, ಅದೇ ಸರ್ಕಾರಿ ಉಪ್ಪಿಟ್ಟು! ಸರಿಯಾದ ಬಾಯಿಗೆ, ಸರಿಯಾದ ಹೊತ್ತಿಗೆ ಸೇರಿದರೆ ಕೆಲಸ ಮಾಡುತ್ತದೆ.

ಹಾಗಾದರೆ ಆ ಬಾಯಿಗೆ ಯಾಕೆ ಸೇರುತ್ತಿಲ್ಲ? ಒಂಬತ್ತು ತಿಂಗಳ ಮಗುವಿನ ಒಂದು ದಿನ ನೋಡೋಣ. ರಾಯಚೂರು ಕಡೆಯ ಯಾವ ಹಳ್ಳಿಯಾದರೂ ಆಗಬಹುದು, ಮೆಣಸಿನಕಾಯಿ ಬಿಡಿಸುವ ಕಾಲ. ತಾಯಿ ಬೆಳಿಗ್ಗೆ ಏಳಕ್ಕೇ ಟಂಟಂ ಹತ್ತಿ ಹೋದಳು. ಮಗು ಅಜ್ಜಿ ಹತ್ತಿರ. ಎಂಟಕ್ಕೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಹತ್ತಕ್ಕೆ ಅತ್ತಿತು, ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಕೈಗೆ ಬಂತು. ಮಧ್ಯಾಹ್ನ ತಿಳಿ ಸಾರು ಹಾಕಿ ಕಿವುಚಿದ ಅನ್ನ, ನಾಲ್ಕು ತುತ್ತು. ಸಂಜೆ ಆರಕ್ಕೆ ತಾಯಿ ಬರುತ್ತಾಳೆ. ಹಾಲು ಕುಡಿಯುತ್ತಾ ಮಗು ನಿದ್ದೆ. ಮನೆಯಲ್ಲಿ ಅಕ್ಕಿ ಇದೆ. ಅಂಗನವಾಡಿ ಕೊಟ್ಟ ಪುಷ್ಟಿ ಪ್ಯಾಕೆಟ್ ಕೂಡ ಇದೆ, ಆದರೆ ಅದನ್ನು ಮನೆಮಂದಿಯೆಲ್ಲ ಉಂಡೆ ಮಾಡಿ ತಿಂದಾಯಿತು. ಕೆಲವು ಮನೆಗಳಲ್ಲಿ ಎಮ್ಮೆಗೂ ಹೋಗುತ್ತದೆ, ನಿಮಗೆಲ್ಲ ಗೊತ್ತಿರುವ ಗುಟ್ಟೇ.

ಈ ಮನೆಯಲ್ಲಿ ಕೊರತೆ ಇರುವುದು ಅಕ್ಕಿಗಲ್ಲ, ಕೈಗೆ. ಒಂಬತ್ತು ತಿಂಗಳ ಮಗುವಿನ ಹೊಟ್ಟೆ ಒಂದು ಸಣ್ಣ ಬಟ್ಟಲಷ್ಟು. ತೆಳ್ಳನೆ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಗಟ್ಟಿಯಾದದ್ದನ್ನು ದಿನಕ್ಕೆ ಮೂರು ನಾಲ್ಕು ಸಲ ಕೂತು ತಿನ್ನಿಸಬೇಕು. ನಮ್ಮ ಹಳೇ ಮೈಸೂರು ಕಡೆಯ ರಾಗಿ ಸರಿ ಇದೆಯಲ್ಲ, ಅದು ನಿಜಕ್ಕೂ ಜಾಣ ಅಡುಗೆ. ರಾಗಿ ಮೊಳಕೆ ಬಂದಾಗ ಅದರಲ್ಲಿರುವ ಪಿಷ್ಟ ಒಡೆಯುತ್ತದೆ. ಅದೇ ಬಟ್ಟಲಿಗೆ ಜಾಸ್ತಿ ಹಿಟ್ಟು ಹಾಕಿದರೂ ಅಂಟಂಟಾಗದೆ ಮಗು ನುಂಗುತ್ತದೆ. ಮೇಲೆ ಒಂದು ಚಮಚ ತುಪ್ಪ. ಆದರೆ ಆ ಹಿಟ್ಟು ಆಗಬೇಕಾದರೆ ರಾಗಿ ನೆನೆಸಬೇಕು, ಬಟ್ಟೆಯಲ್ಲಿ ಕಟ್ಟಬೇಕು, ಮೊಳಕೆ ಬರಿಸಬೇಕು, ನೆರಳಲ್ಲಿ ಒಣಗಿಸಬೇಕು, ಬೀಸಬೇಕು, ವಸ್ತ್ರಗಾಳಿಸಬೇಕು. ಏಳಕ್ಕೆ ಟಂಟಂ ಹತ್ತುವವಳಿಗೆ ನಾವು ತರಬೇತಿ ಕಾರ್ಯಕ್ರಮದಲ್ಲಿ ಇದನ್ನೆಲ್ಲ ಚಿತ್ರ ತೋರಿಸಿ ಹೇಳುತ್ತೇವೆ. ಅವಳೂ ತಲೆಯಾಡಿಸುತ್ತಾಳೆ. ಅವಳಿಗೆ ಗೊತ್ತಿಲ್ಲ ಅಂತಲ್ಲ, ಹೊತ್ತಿಲ್ಲ.

ಮಾತೃಪೂರ್ಣದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದರಲ್ಲಿ ಒಳ್ಳೆಯ ಯೋಚನೆಯೂ ಇದೆ, ಎಡವಿದ್ದೂ ಇದೆ. ಮನೆಗೆ ಕೊಟ್ಟ ರೇಷನ್ ಬಸುರಿಯ ತಟ್ಟೆಗೆ ಬೀಳುವುದಿಲ್ಲ, ಎಲ್ಲರಿಗೂ ಬಡಿಸಿ ಉಳಿದದ್ದು ಅವಳಿಗೆ. ಆದ್ದರಿಂದ ಅವಳೇ ಅಂಗನವಾಡಿಗೆ ಬಂದು ಬಿಸಿ ಊಟ ಮಾಡಲಿ, ಅಲ್ಲೇ ಕಬ್ಬಿಣದ ಮಾತ್ರೆ ನುಂಗಲಿ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. 2017ರ ಅಕ್ಟೋಬರ್ 2ರಿಂದ ಇಡೀ ರಾಜ್ಯಕ್ಕೆ. ಬಯಲುಸೀಮೆಯ ಒತ್ತೊತ್ತಾದ ಊರುಗಳಲ್ಲಿ ಇದು ನಡೆಯಿತು. ಸೊಸೆಗೆ ಅಂತಲೇ ಬಡಿಸಿದ ಒಂದು ತಟ್ಟೆ, ಜೊತೆಗೆ ನಾಲ್ಕು ಜನ ಗೆಳತಿಯರು. ಅದೇ ಮಲೆನಾಡಿಗೆ ಹೋಗಿ. ಮನೆಗೂ ಮನೆಗೂ ಒಂದು ಗುಡ್ಡ. ಎಂಟು ತಿಂಗಳ ಬಸುರಿ ಮಳೆಯಲ್ಲಿ ಹಳ್ಳ ದಾಟಿ ಊಟಕ್ಕೆ ಬರಬೇಕು ಎಂದರೆ ಹೇಗೆ? ಬಾಣಂತಿಯನ್ನಂತೂ ಮೂರು ತಿಂಗಳು ಹೊಸ್ತಿಲು ದಾಟಿಸುವುದಿಲ್ಲ. ಕೆಲವು ಊರುಗಳಲ್ಲಿ ಅಡುಗೆ ಮಾಡುವವರ ಜಾತಿ ನೋಡಿ ಬಾರದೇ ಉಳಿದವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಬೆಂಗಳೂರಲ್ಲಿ ಕೂತು ಬರೆದ ಒಂದೇ ನಿಯಮ ಸಿರುಗುಪ್ಪಕ್ಕೂ ಆಗುಂಬೆಗೂ ಹೊಂದುವುದಿಲ್ಲ. ಬಯಲುಸೀಮೆಯಲ್ಲಿ ಊಟಕ್ಕೆ ಕರೆಯಿರಿ, ಮಲೆನಾಡಿನಲ್ಲಿ ಬುತ್ತಿ ಕಳಿಸಿ. ಇಷ್ಟು ಸ್ವಾತಂತ್ರ್ಯ ತಾಲ್ಲೂಕಿಗೆ ಬೇಡವೇ?

ಮೊಟ್ಟೆ ವಿಷಯಕ್ಕೆ ನಾವು ವರ್ಷಗಟ್ಟಲೆ ಜಗಳ ಆಡಿದೆವು. 2021ರ ಕೊನೆಗೆ ಯಾದಗಿರಿ, ಕಲಬುರಗಿ ಕಡೆಯ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಎಷ್ಟು ಗದ್ದಲ ಆಯಿತು, ನೆನಪಿದೆಯಲ್ಲ. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ನನಗೆ ಖುಷಿಯೇ. ಆದರೆ ಗಮನಿಸಿ, ಆ ಮೊಟ್ಟೆ ತಿನ್ನುವ ಮಗುವಿಗೆ ಆಗಲೇ ಆರು ವರ್ಷ. ಎಲ್‌ಕೆಜಿ ಅಂಗನವಾಡಿಯಲ್ಲಿರಬೇಕೋ ಶಾಲೆಯಲ್ಲಿರಬೇಕೋ ಎಂಬ ಜಗಳ ಕೂಡ ಮೂರು ವರ್ಷ ದಾಟಿದ ಮಗುವಿನದ್ದೇ. ಎಂಟು ತಿಂಗಳ ಕೂಸಿನ ಬಗ್ಗೆ ವಿಧಾನಸೌಧದ ಮುಂದೆ ಯಾರೂ ಧರಣಿ ಕೂತದ್ದನ್ನು ನಾನು ನೋಡಿಲ್ಲ. ಎಕ್ವಡಾರ್ ದೇಶದಲ್ಲಿ ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟು ನೋಡಿದರು. ಎತ್ತರ ಕುಂಠಿತವಾಗುವುದು ಸುಮಾರು ಅರ್ಧಕ್ಕೆ ಇಳಿಯಿತು. ಮಲಾವಿಯಲ್ಲಿ ಇದನ್ನೇ ಮಾಡಿದಾಗ ಅಷ್ಟು ಫಲ ಬರಲಿಲ್ಲ, ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ನಮ್ಮ ಯಾದಗಿರಿಯ ಕೂಸಿಗೆ ಮೀನೂ ಇಲ್ಲ.

ಈಗ ಹಣದ ಮಾತು. ಗೃಹಲಕ್ಷ್ಮಿಯ 2,000 ರೂಪಾಯಿ ಮನೆ ಯಜಮಾನಿಯ ಖಾತೆಗೆ ಬರುತ್ತದೆ. ಯಜಮಾನಿ ಯಾರು? ರೇಷನ್ ಕಾರ್ಡಿನಲ್ಲಿ ಮೊದಲು ಹೆಸರಿರುವ ಹಿರಿಯ ಹೆಂಗಸು. ಅಂದರೆ ಅತ್ತೆ. ಕೂಸು ಇರುವುದು ಸೊಸೆಯ ಮಡಿಲಲ್ಲಿ. ಅತ್ತೆಯಂದಿರನ್ನು ನಾನು ದೂರುತ್ತಿಲ್ಲ, ಇಲ್ಲೂ ಸುಮಾರು ಜನ ಅತ್ತೆಯಂದಿರು ಕೂತಿದ್ದೀರಿ! ಎಷ್ಟೋ ಮನೆಯಲ್ಲಿ ಆ ದುಡ್ಡಿನಿಂದಲೇ ಹಾಲು, ಔಷಧಿ ಬರುತ್ತಿದೆ. ಶಕ್ತಿ ಬಸ್ಸಿನಿಂದ ಗುರುವಾರದ ಇಂಜೆಕ್ಷನ್‌ಗೆ, ತಾಲ್ಲೂಕು ಆಸ್ಪತ್ರೆಗೆ ಗಂಡನ ಹತ್ತಿರ ಕೈ ಚಾಚದೆ ಹೋಗುವಂತಾಗಿದೆ. ಇವು ಮಕ್ಕಳ ಯೋಜನೆಗಳಲ್ಲ, ಆದರೂ ಮಕ್ಕಳನ್ನು ಮುಟ್ಟುತ್ತವೆ. ಆದರೆ ಹೆತ್ತವಳ ಕೈಗೇ ಬರುವ ಹಣ ಯಾವುದು ಅಂತ ಹುಡುಕಿದರೆ ಸಿಗುವುದು ಕೇಂದ್ರದ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000. ಎರಡನೆಯದು ಹೆಣ್ಣಾದರೆ 6,000. ಕನಿಷ್ಠ 6,000 ಅಂತ ಆಹಾರ ಭದ್ರತಾ ಕಾಯ್ದೆಯಲ್ಲಿ ಬರೆದದ್ದು 2013ರಲ್ಲಿ. ಆಮೇಲೆ ಎಣ್ಣೆ, ಬೇಳೆ ಎಲ್ಲದರ ಬೆಲೆ ಏರಿತು, ಇದು ಏರಲಿಲ್ಲ.

2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5,000ವನ್ನು 370ರಿಂದ ಭಾಗಿಸಿ. ಹದಿಮೂರೂವರೆ ದಿನ. ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ 2017ರ ತಿದ್ದುಪಡಿಯಿಂದ 26 ವಾರ ಸಂಬಳದ ರಜೆ. ಕೂಲಿ ಮಾಡುವವಳಿಗೆ ಎರಡು ವಾರ. ಆರು ತಿಂಗಳು ಬರೀ ಎದೆಹಾಲು ಕೊಡಿ ಎಂದು ಇಬ್ಬರಿಗೂ ಒಂದೇ ಪೋಸ್ಟರ್ ತೋರಿಸುತ್ತೇವೆ.

ವಲಸೆ ಹೋದವರದ್ದು ಇನ್ನೊಂದು ಕಥೆ. ಯಾದಗಿರಿ, ಕಲಬುರಗಿ, ರಾಯಚೂರಿನ ಗಾರೆ ಕೆಲಸದವರು ಬೆಂಗಳೂರಿನ ಅಂಚಿನಲ್ಲಿ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಮಗುವಿನ ಹೆಸರು ಊರಿನ ಅಂಗನವಾಡಿ ರಿಜಿಸ್ಟರಿನಲ್ಲಿ, ಮಗು ಮರಳು ರಾಶಿಯ ಪಕ್ಕದ ಸೀರೆ ಜೋಲಿಯಲ್ಲಿ. ಕಾಗದದ ಮೇಲೆ ಯಾವ ಊರಿನ ಅಂಗನವಾಡಿಗಾದರೂ ಹೋಗಬಹುದು. ಆದರೆ ಶೆಡ್ಡಿಗೂ ಹತ್ತಿರದ ಅಂಗನವಾಡಿಗೂ ನಡುವೆ ರಿಂಗ್ ರೋಡು ಇರುತ್ತದೆ. ತಾಯಿಗೆ ಆ ಬಡಾವಣೆಯಲ್ಲಿ ಯಾರ ಪರಿಚಯವೂ ಇಲ್ಲ. ಕಾರ್ಡ್ ಎಲ್ಲಿ ಅಂತ ಕೇಳಿದರೆ ಅಲ್ಲಿಗೆ ಮುಗಿಯಿತು, ಮರುದಿನ ಅವಳು ಬರುವುದಿಲ್ಲ. ಅಂಗನವಾಡಿಯನ್ನು ಮನೆ ಎಣಿಸಿ ಮಂಜೂರು ಮಾಡುತ್ತೇವೆ. ಕಟ್ಟಡ ಏಳುವ ಜಾಗ ನೋಡಿ, ಎರಡು ವರ್ಷಕ್ಕೆ ಅಂತ ತೆರೆದು, ಕೆಲಸ ಮುಗಿದ ಮೇಲೆ ಇನ್ನೊಂದು ಕಡೆಗೆ ಸಾಗಿಸಿದರೆ ಏನು ಕಷ್ಟ?

ಅದಕ್ಕೇ ನನಗೆ ಎಲ್ಲ ಯೋಜನೆಗಳಿಗಿಂತ ಕೂಸಿನ ಮನೆ ಮೇಲೆ ಆಸೆ ಜಾಸ್ತಿ. ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆ. ನರೇಗಾ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು ಎಂದು ಮೊದಲಿಂದಲೂ ಇತ್ತು. ಯಾರೂ ಓದಿರಲಿಲ್ಲ ಅಷ್ಟೇ. ಕೂಸಿನ ಮನೆಯಲ್ಲಿ ದಿನಕ್ಕೆ ಮೂರು ಸಲ ತಿನ್ನಿಸಲು ಒಂದು ಕೈ ಸಿಗುತ್ತದೆ. ರಾಗಿ ಸರಿ ಒಂದು ಮನೆಗೆ ಮಾಡುವುದು ಕಷ್ಟ, ಇಪ್ಪತ್ತು ಮಕ್ಕಳಿಗೆ ಒಟ್ಟಿಗೆ ಮಾಡಿದರೆ ಸುಲಭ. ತೊಡಕೂ ಇದೆ. ನೋಡಿಕೊಳ್ಳುವವರಿಗೆ ಉದ್ಯೋಗ ಖಾತರಿ ಕೂಲಿಯಿಂದಲೇ ಸಂಬಳ, ಅವರ ಕೂಲಿಯ ದಿನಗಳು ಮುಗಿದರೆ ಇನ್ನೊಬ್ಬರು ಬರಬೇಕು. ಮಗು ಒಂದು ಮುಖ ಗುರುತು ಹಿಡಿಯುವಷ್ಟರಲ್ಲಿ ಮುಖ ಬದಲಾಗುತ್ತದೆ. ಜಮೈಕಾದಲ್ಲಿ ಕುಂಠಿತಗೊಂಡ ಮಕ್ಕಳ ಮನೆಗೆ ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಕೊಟ್ಟು, ತಾಯಿಗೆ ಆಡಿಸುವುದನ್ನು ಹೇಳಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ಆ ಮಕ್ಕಳ ದುಡಿಮೆ 25 ಪರ್ಸೆಂಟ್ ಹೆಚ್ಚಿತ್ತು. ಅಲ್ಲಿ ಹೋಗುತ್ತಿದ್ದವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರೇ, ದೊಡ್ಡ ಡಿಗ್ರಿಯವರಲ್ಲ. ಬಿಡದೆ ಹೋಗುತ್ತಿದ್ದರು, ಅಷ್ಟೇ.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಅಂಗನವಾಡಿ ಅಕ್ಕ ಎದ್ದು, "ಸಾರ್, ಮೂರು ವರ್ಷದ ಮೇಲಿನವರನ್ನು ನೋಡಿಕೊಳ್ಳುವುದಕ್ಕೇ ಹೊತ್ತು ಸಾಲದು. ಸಮೀಕ್ಷೆ, ಚುನಾವಣೆ, ಆ್ಯಪ್, ಫೋಟೋ. ಕೂಸು ಇರುವ ಮನೆಗಳಿಗೆ ಯಾವಾಗ ಹೋಗೋದು?" ಎಂದರು. ಅವರು ಹೇಳಿದ್ದು ನಿಜ. ಮನೆಮನೆಗೆ ಹೋಗಲೆಂದೇ ಎರಡನೇ ಕಾರ್ಯಕರ್ತೆ ಬೇಕು. ಇದ್ದವರ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸಿ ಅದಕ್ಕೊಂದು ಚಂದದ ಹೆಸರಿಟ್ಟರೆ ಪ್ರಯೋಜನ ಇಲ್ಲ.

ಹಿರಿಯ ಸದಸ್ಯರೊಬ್ಬರು, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಬೆಳೆಯಲಿಲ್ಲವೇ ಎಂದರು. ಬೆಳೆದವರು ಇಲ್ಲಿದ್ದೀರಿ ಯಜಮಾನರೇ, ಬೆಳೆಯದವರು ಪ್ರಶ್ನೆ ಕೇಳಲು ಉಳಿದಿಲ್ಲ ಎಂದೆ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ಕಾಣಲಿಲ್ಲ. ಅವರೂ ನಕ್ಕು ಕೂತರು.

ಕೊನೆಯದು ಪಂಚಾಯಿತಿ ಅಧ್ಯಕ್ಷೆಯದು. ದುಡ್ಡು ಎಲ್ಲಿಂದ ತರೋದು? ಅಲ್ಲೇ ಲೆಕ್ಕ ಮಾಡಿದೆವು. ಕೂಲಿ ಮಾಡುವ ತಾಯಿಗೂ 26 ವಾರ, ವಾರಕ್ಕೆ ಆರು ದಿನ, ದಿನಕ್ಕೆ 370. ಒಟ್ಟು 57,720 ರೂಪಾಯಿ. ರಾಜ್ಯದಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ 10 ಲಕ್ಷ ಮಕ್ಕಳು ಹುಟ್ಟುತ್ತವೆ. ಒಬ್ಬರನ್ನೂ ಬಿಡದೆ ಕೊಟ್ಟರೂ 5,800 ಕೋಟಿ ದಾಟುವುದಿಲ್ಲ. ಸಂಬಳದ ರಜೆ ಇರುವವರನ್ನು ಬಿಟ್ಟರೆ ಇನ್ನೂ ಕಡಿಮೆ. ಗೃಹಲಕ್ಷ್ಮಿಗೆ ವರ್ಷಕ್ಕೆ 28 ಸಾವಿರ ಕೋಟಿಗೂ ಜಾಸ್ತಿ ಇಡುತ್ತಿದ್ದೇವೆ, ಇದು ಅದರ ಐದರಲ್ಲೊಂದು ಭಾಗ. ಗೃಹಲಕ್ಷ್ಮಿ ನಿಲ್ಲಿಸಿ ಎಂದಲ್ಲ. ತಮಿಳುನಾಡಿನವರು 1987ರಲ್ಲೇ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನಲ್ಲಿ ಹೆರಿಗೆ ನೆರವು ಶುರು ಮಾಡಿ ಅದನ್ನು 18,000ದವರೆಗೆ ಏರಿಸಿಕೊಂಡು ಬಂದಿದ್ದಾರೆ. ನಾವು ಒಂದೇ ಸಲ 57 ಸಾವಿರಕ್ಕೆ ಹೋಗಬೇಕಿಲ್ಲ. ಮೊದಲ ಮಗು, ಎರಡನೇ ಮಗು, ಗಂಡು, ಹೆಣ್ಣು ಎಂಬ ಷರತ್ತು ತೆಗೆದು, ಮೂರು ತಿಂಗಳ ಕೂಲಿಯಿಂದ ಶುರು ಮಾಡಬಹುದು. ಅಧ್ಯಕ್ಷೆ ಅಂಕಿಗಳನ್ನು ಬರೆದುಕೊಂಡರು. ಮುಂದಿನ ಗ್ರಾಮಸಭೆಯಲ್ಲಿ ಓದುತ್ತಾರಂತೆ.